ನಕ್ಷೆಯೂ ಹೊಳೆಯೂ

ನೆಲದ ಮೇಲೆ ನಡೆಯುವ ಮನುಷ್ಯನಿಗೆ ಕಾಣುವುದು ಸ್ವಲ್ಪವೇ. ದಾರಿ ತಿರುಗಿದರೆ ಮುಂದಿನದು ಮರೆಯಾಗುತ್ತದೆ. ಕಬ್ಬು ಆಳೆತ್ತರ ಬೆಳೆದು ನಿಂತರೆ ಪಕ್ಕದ ಊರಿನ ಗುಡಿಯ ಶಿಖರವೂ ಕಾಣದು. ಆಕಾಶದಲ್ಲಿ ಸುತ್ತುವ ಹದ್ದಿಗೆ ಈ ತೊಂದರೆಯಿಲ್ಲ. ಹೊಳೆ ಎಲ್ಲಿ ಬಳುಕಿದೆ, ರಸ್ತೆ ಎಲ್ಲಿ ಕವಲೊಡೆದಿದೆ, ಯಾವ ಊರು ಯಾವ ಊರಿಗೆ ಹತ್ತಿರ ಎಂಬುದೆಲ್ಲವೂ ಅದಕ್ಕೆ ಒಂದೇ ನೋಟದಲ್ಲಿ ದೊರೆಯುತ್ತದೆ. ಆ ಹದ್ದಿನ ನೋಟವನ್ನು ಮನುಷ್ಯನು ತನ್ನ ಬುದ್ಧಿಬಲದಿಂದ ಒಂದು ಹಾಳೆಯ ಮೇಲೆ ಇಳಿಸಿಕೊಂಡಿದ್ದಾನೆ. ಅದೇ ನಕ್ಷೆ. ಆದರೆ ನಕ್ಷೆಯನ್ನು ನೋಡುವುದು ಬೇರೆ, ಓದುವುದು ಬೇರೆ. ನೋಡುವವನಿಗೆ ಅದು ಬಣ್ಣಬಣ್ಣದ ಗೆರೆಗಳ ಗೋಜಲು. ಓದುವವನಿಗೆ ಅದು ದಾರಿಯ ಮಾತು. ಆ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಎಲ್ಲಿ ಬೇರೆಯವರನ್ನು ಕೇಳಬೇಕು ಎಂಬುದನ್ನು ತಿಳಿಯುವುದೂ ಓದಿನ ಒಂದು ಭಾಗವೇ.

ಚಿಕ್ಕೋಡಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಕ್ಷಿಣಕ್ಕೆ, ಒಂದು ಹಳ್ಳಿ. ಅಲ್ಲಿಯ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ತೂಗುತ್ತಿದ್ದಿತು. ಭೂಗೋಳದ ಮಾಸ್ತರರು ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಲವು ಹಾಳೆಗಳನ್ನು ತರಿಸಿ, ಅಂಚುಗಳನ್ನು ಕೂಡಿಸಿ, ಹಿಂದೆ ಬಟ್ಟೆ ಅಂಟಿಸಿ ಅದನ್ನು ಸಿದ್ಧಗೊಳಿಸಿದ್ದರು. ಆ ಇಲಾಖೆ ಸ್ಥಾಪನೆಯಾದದ್ದು 1767ರಲ್ಲಿ. ಅದರ ಹಳೆಯ ಎಣಿಕೆಯ ಪ್ರಕಾರ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಈ ನಾಲ್ಕು ಊರುಗಳು ‘47 ಎಲ್’ ಎಂಬ ಗುಂಪಿನ ಹಾಳೆಗಳಲ್ಲಿ ಬರುತ್ತವೆ. ಅಥಣಿ ಪಟ್ಟಣವು 75 ಡಿಗ್ರಿ ಪೂರ್ವ ರೇಖಾಂಶದ ಆಚೆಗೆ ಇರುವುದರಿಂದ ‘47 ಪಿ’ ಎಂಬ ನೆರೆಯ ಗುಂಪಿಗೆ ಸೇರುತ್ತದೆ. ಒಂದೇ ಹಾಳೆಯನ್ನು ಹಿಡಿದು ಕುಳಿತವನಿಗೆ ಅಥಣಿ ಇಲ್ಲವೇ ಇಲ್ಲವೆಂದು ತೋರಬಹುದು. ಅಂಚಿನ ಆಚೆಗೂ ನೆಲವಿದೆ ಎಂಬುದನ್ನು ಮರೆಯಬಾರದೆಂದೇ ಮಾಸ್ತರರು ಹಾಳೆಗಳನ್ನು ಕೂಡಿಸಿದ್ದರು.

ಅವರು ಮೊದಲು ಕಲಿಸಿದ್ದು ಅಳತೆ. ಆ ಹಾಳೆಗಳ ಪ್ರಮಾಣ 1:50,000. ಎಂದರೆ ಹಾಳೆಯ ಮೇಲಿನ 2 ಸೆಂಟಿಮೀಟರು ನೆಲದ ಮೇಲೆ 1 ಕಿಲೋಮೀಟರು. ರಸ್ತೆ ನೇರವಾಗಿದ್ದರೆ ಅಳತೆಪಟ್ಟಿ ಸಾಕು. ಡೊಂಕಾಗಿದ್ದರೆ ಅದರ ಮೇಲೆ ಒಂದು ದಾರವನ್ನು ತಿರುವಿಗೆ ತಿರುವು ಹೊಂದಿಸಿ ಇಟ್ಟು, ಬಳಿಕ ದಾರವನ್ನು ಅಳೆಯಬೇಕು. ಆಮೇಲೆ ಬಣ್ಣಗಳು. ನೀಲಿ ನೀರಿಗೆ, ಹಸಿರು ಕಾಡಿಗೆ, ಹಳದಿ ಸಾಗುವಳಿಯ ಭೂಮಿಗೆ, ಕೆಂಪು ರಸ್ತೆಗೂ ಮನೆಗಳಿಗೂ, ಕಪ್ಪು ರೈಲುದಾರಿಗೂ ಹೆಸರುಗಳಿಗೂ. ಕಂದು ಬಣ್ಣದ ಸಣ್ಣ ಗೆರೆಗಳು ಸಮೋನ್ನತಿ ರೇಖೆಗಳು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಅವು ಜೋಡಿಸುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಾಗಿದ್ದರೆ ಮಟ್ಟಸವಾದ ನೆಲ. ಚಿಕ್ಕೋಡಿಯ ಸುತ್ತ ಈ ಗೆರೆಗಳು ಹತ್ತಿರಹತ್ತಿರ ಸುತ್ತಿಕೊಂಡಿವೆ. ಕೃಷ್ಣೆಯ ದಂಡೆಗೆ ಬಂದರೆ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಊರಿಗೆ ಊರೇ ಹಿಡಿಸುತ್ತದೆ. ಅಲ್ಲಿ ನೀರು ಸ್ವಲ್ಪ ಏರಿದರೂ ಬಹುದೂರ ಹರಡಿಕೊಳ್ಳುವುದೆಂದು ಗೆರೆಗಳೇ ಹೇಳುತ್ತವೆ.

ನಕ್ಷೆಗೂ ವಯಸ್ಸುಂಟು ಎಂಬುದು ಅವರ ಮತ್ತೊಂದು ಪಾಠ. 2010ರಲ್ಲಿ ಅಚ್ಚಾದ ನಕ್ಷೆಯೊಂದರಲ್ಲಿ ನಿಪ್ಪಾಣಿ ತಾಲ್ಲೂಕನ್ನೂ ಕಾಗವಾಡ ತಾಲ್ಲೂಕನ್ನೂ ಹುಡುಕಿದರೆ ದೊರೆಯವು. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲ್ಲೂಕಿನಲ್ಲಿಯೂ ಸೇರಿದ್ದುವು. ಹಳೆಯ ನಕ್ಷೆಯಲ್ಲಿ ನಿಪ್ಪಾಣಿಯ ಮೂಲಕ ಹೋಗುವ ಹೆದ್ದಾರಿಯ ಸಂಖ್ಯೆ 4. ಹೊಸದರಲ್ಲಿ ಅದೇ ರಸ್ತೆಯ ಸಂಖ್ಯೆ 48. ಹೆಸರೂ ಕೆಲವೊಮ್ಮೆ ಮೋಸಗೊಳಿಸುವುದುಂಟು. ಮಿರಜದಿಂದ ಬೆಳಗಾವಿಯ ಕಡೆಗೆ ಬರುವ ರೈಲುದಾರಿಯಲ್ಲಿ ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವಿದೆ. ಹೆಸರನ್ನು ನಂಬಿ ಅಲ್ಲಿ ಇಳಿದವನು ಚಿಕ್ಕೋಡಿ ಎಲ್ಲಿ ಎಂದು ಸುತ್ತಮುತ್ತ ನೋಡಿದರೆ ಕಾಣುವುದು ಹೊಲಗಳು ಮಾತ್ರ. ಊರು ಅಲ್ಲಿಂದ ಬಹುದೂರ.

ಆ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗನಿಗೆ ಈ ನಕ್ಷೆಯ ಹುಚ್ಚು ಹಿಡಿಯಿತು. ಬಿಡುವಿನ ವೇಳೆಯಲ್ಲಿ ಅವನು ಅದರ ಮುಂದೆಯೇ ನಿಂತಿರುತ್ತಿದ್ದನು. ಮನೆಯಿಂದ ದಾರದ ತುಂಡು ತಂದು ಊರಿನಿಂದ ಊರಿಗೆ ಅಳೆದು, ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದನು. ಅವನ ಅಳತೆಗಳಲ್ಲಿ ಬಹಳ ಪ್ರೀತಿಯದೊಂದು ಇದ್ದಿತು. ಅದು ಕೃಷ್ಣೆಯ ಆಚೆಯ ದಂಡೆಯ ಯಡೂರಿಗೆ ಹೋಗುವ ದಾರಿ. ವೀರಭದ್ರ ದೇವಸ್ಥಾನಕ್ಕೆ ಹೆಸರಾದ ಆ ಊರಿಗೆ ಅವನ ಅಕ್ಕನನ್ನು ಮದುವೆ ಮಾಡಿಕೊಟ್ಟಿದ್ದರು. ನಕ್ಷೆಯ ಮೇಲೆ ಈ ದಂಡೆಯ ಕಲ್ಲೋಳಕ್ಕೂ ಆ ದಂಡೆಯ ಯಡೂರಿಗೂ ನಡುವಿನ ದೂರ ಕೆಲವೇ ಬೆರಳುಗಳ ಅಗಲ. ನಡುವೆ ನೀಲಿಯ ಪಟ್ಟಿ, ಅದರ ಮೇಲೆ ಒಂದು ಬಾಂದಾರದ ಗುರುತು.

ಒಂದು ದಿನ ಮಾಸ್ತರರು ತರಗತಿಗೆ ಬೇರೊಂದು ಬಗೆಯ ನಕ್ಷೆಯನ್ನು ತಂದರು. ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದವರು ಬಹುಮಂದಿ. ಅದೇ ಶಾಲೆಯಲ್ಲಿ ಓದಿದ ಒಬ್ಬ ಯೋಧರು ಕಾಶ್ಮೀರದ ಗುಲ್ಮಾರ್ಗದಲ್ಲಿ ತರಬೇತಿ ಪಡೆದು, ರಜೆಯಲ್ಲಿ ಊರಿಗೆ ಬರುವಾಗ ತಮ್ಮ ಗುರುಗಳಿಗಾಗಿ ಅದನ್ನು ತಂದಿದ್ದರು. ಗುಲ್ಮಾರ್ಗದಲ್ಲಿ 1948ರಲ್ಲಿ ಸ್ಕೀ ಶಾಲೆಯಾಗಿ ಆರಂಭವಾದ ಸೈನ್ಯದ ತರಬೇತಿ ಕೇಂದ್ರವೊಂದಿದೆ. ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳುಕಲುಗಳಲ್ಲಿ ಜಾರುವುದನ್ನು ಅಲ್ಲಿ ಕಲಿಸುತ್ತಾರೆ. ಸೈನಿಕರಿಗೆ ಅದು ಕರ್ತವ್ಯ, ಪ್ರವಾಸಿಗಳಿಗೆ ಕ್ರೀಡೆ. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗದಿಂದ ಹಗ್ಗದ ದಾರಿಯ ತೊಟ್ಟಿಲುಗಾಡಿಯು ಎರಡು ಹಂತಗಳಲ್ಲಿ ಅಫರವತ್ ಪರ್ವತದ ಪಕ್ಕಕ್ಕೆ, ಸುಮಾರು 3,950 ಮೀಟರ್ ಎತ್ತರಕ್ಕೆ, ಜನರನ್ನು ಒಯ್ಯುತ್ತದೆ. ಮೇಲೇರಿದವನು ಜಾರುತ್ತ ಕೆಳಗಿಳಿಯಬೇಕು. ಯಾವ ಇಳುಕಲಿನಲ್ಲಿ ಇಳಿಯಬೇಕೆಂಬುದನ್ನು ತಿಳಿಯಲು ಇಂಥ ಸ್ಥಳಗಳಲ್ಲಿ ಹಾದಿಯ ನಕ್ಷೆಯನ್ನು ಕೊಡುತ್ತಾರೆ.

ಹಿಮಪರ್ವತದ ಈ ಹಾದಿನಕ್ಷೆಯ ರೀತಿಯೇ ಬೇರೆ. ಸಾಮಾನ್ಯ ನಕ್ಷೆಯಲ್ಲಿ ಮೇಲ್ಭಾಗವೆಂದರೆ ಉತ್ತರ ದಿಕ್ಕು. ಇದರಲ್ಲಿ ಮೇಲ್ಭಾಗವೆಂದರೆ ಶಿಖರ. ಕಣಿವೆಯಲ್ಲಿ ನಿಂತವನು ತಲೆಯೆತ್ತಿ ನೋಡಿದಾಗ ಬೆಟ್ಟ ಹೇಗೆ ಕಾಣುವುದೋ ಹಾಗೆ ಅದನ್ನು ಚಿತ್ರಿಸುತ್ತಾರೆ; ಉತ್ತರ ದಿಕ್ಕು ಯಾವ ಕಡೆಗಾದರೂ ಇರಬಹುದು. ಹಿಂದೆ ಮರೆಯಾಗುವ ಇಳುಕಲುಗಳೂ ಕಾಣಲೆಂದು ಚಿತ್ರಕಾರನು ಬೆಟ್ಟವನ್ನು ತುಸು ತಿರುಚಿ, ಹಿಗ್ಗಿಸಿ ತೋರಿಸುತ್ತಾನೆ. ಆದುದರಿಂದ ಅದರ ಮೇಲೆ ದಾರವಿಟ್ಟು ದೂರವನ್ನು ಅಳೆಯಲಾಗದು. ಇಂಥ ನಕ್ಷೆಗಳನ್ನು ಕೈಯಿಂದ ಬಿಡಿಸುವ ಕಲೆಯಲ್ಲಿ ಅಮೆರಿಕದ ಜೇಮ್ಸ್ ನೀಹ್ಯೂಸ್ ಎಂಬ ಚಿತ್ರಕಾರರು ಪ್ರಸಿದ್ಧರು. ವಿಮಾನದಿಂದ ಬೆಟ್ಟಗಳ ಛಾಯಾಚಿತ್ರಗಳನ್ನು ತೆಗೆದು, ಬಳಿಕ ಮರಮರವನ್ನೂ ಕುಂಚದಿಂದ ಬಿಡಿಸಿ, ಇನ್ನೂರರಷ್ಟು ನಕ್ಷೆಗಳನ್ನು ಅವರು ರಚಿಸಿದ್ದಾರೆ.

ಹಾದಿಗಳ ಕಷ್ಟವನ್ನು ತಿಳಿಸಲು ಗುರುತುಗಳಿರುತ್ತವೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತವೆಂದರೆ ಸುಲಭದ ಹಾದಿ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರಾಕೃತಿಯೆಂದರೆ ಕಠಿಣ. ಎರಡು ವಜ್ರಗಳಿದ್ದರೆ ನುರಿತವರು ಮಾತ್ರ ಹೋಗತಕ್ಕದ್ದು. ಯೂರೋಪಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಬಣ್ಣವೂ ಉಂಟು. ಹುಡುಗನು ಎದ್ದು ನಿಂತು, “ಹಾಗಾದರೆ ಹಸಿರು ಹಾದಿಯನ್ನೇ ಹಿಡಿದು ಹೋದರೆ ಅಪಾಯವಿಲ್ಲವಲ್ಲವೆ, ಸರ್?” ಎಂದು ಕೇಳಿದನು.

ಮಾಸ್ತರರು ಮುಗುಳ್ನಕ್ಕು ನಾಲ್ಕು ಮಾತು ಹೇಳಿದರು. ಬಣ್ಣವು ಆಯಾ ಬೆಟ್ಟದ ಮಟ್ಟಿಗೆ ಮಾತ್ರ ಸತ್ಯ. ಒಂದು ಬೆಟ್ಟದ ನೀಲಿ ಹಾದಿ ಇನ್ನೊಂದು ಬೆಟ್ಟದ ಕಪ್ಪು ಹಾದಿಯಷ್ಟೇ ಕಠಿಣವಾಗಿರಬಹುದು. ಎರಡನೆಯದಾಗಿ, ಹಾದಿಯ ಆರಂಭವನ್ನಲ್ಲ, ಕೊನೆಯನ್ನು ಮೊದಲು ನೋಡಬೇಕು. ಹಸಿರಾಗಿ ಹೊರಟ ಹಾದಿ ನಡುವೆ ಕಪ್ಪು ಹಾದಿಗಳ ಕೂಟವೊಂದಕ್ಕೆ ತಂದು ನಿಲ್ಲಿಸಿದರೆ ಹಿಂದಿರುಗಿ ಏರಲಾಗುವುದಿಲ್ಲ. ಹಿಮದ ಮೇಲೆ ಇಳಿಯುವುದು ಸುಲಭ, ಏರುವುದು ದುಸ್ತರ. ಆದುದರಿಂದ ಬಲ್ಲವನು ತಾನು ತಲುಪಬೇಕಾದ ಸ್ಥಳದಿಂದ ಬೆರಳಿಟ್ಟು, ಹೊರಟ ಸ್ಥಳದವರೆಗೆ ಹಿಂದುಹಿಂದಕ್ಕೆ ಓದುತ್ತಾನೆ. ಮೂರನೆಯದಾಗಿ, ಮರಳುವ ವೇಳೆ ತಿಳಿದಿರಬೇಕು. ಸಂಜೆ ಹಗ್ಗದ ದಾರಿ ನಿಂತ ಮೇಲೆ ಬೆಟ್ಟದ ಆಚೆಯ ಮಗ್ಗುಲಿನಲ್ಲಿ ಉಳಿದವನು ಉಳಿದಂತೆಯೇ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಅಚ್ಚಾದ ನಕ್ಷೆಗೆ ನಿನ್ನೆ ರಾತ್ರಿ ಬಿದ್ದ ಹಿಮ ತಿಳಿಯದು. ಯಾವ ಹಾದಿ ಇಂದು ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲಿ ಹಿಮ ಕುಸಿಯುವ ಭಯವಿದೆ ಎಂಬುದನ್ನು ಕಾವಲಿನವರು ಬೆಳಿಗ್ಗೆ ಪ್ರಕಟಿಸುತ್ತಾರೆ. ಅದನ್ನು ಕೇಳದೆ ಹೊರಟವನ ಕೈಯಲ್ಲಿ ಒಳ್ಳೆಯ ನಕ್ಷೆಯಿದ್ದರೂ ಪ್ರಯೋಜನವಿಲ್ಲ.

ಹುಡುಗರು ಇದನ್ನೆಲ್ಲ ಬೆರಗಿನಿಂದ ಕೇಳಿದರು. ಗಂಟೆ ಬಾರಿಸಿದೊಡನೆ ಮರೆತರು. ಹಿಮವೆಲ್ಲಿ, ಕಬ್ಬಿನ ಹೊಲಗಳ ಈ ಸೀಮೆಯೆಲ್ಲಿ!

ಆಷಾಢ ಕಳೆದು ಶ್ರಾವಣ ಬಂದಿತು. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುವನೆಂದು ಕೊಟ್ಟ ಮನೆಯ ಹೆಣ್ಣುಮಗಳು ದಾರಿ ಕಾಯುತ್ತಾಳೆ. ತವರಿನಲ್ಲಿ ಉಂಡಿ ಕಟ್ಟುತ್ತಾರೆ, ಅಳ್ಳು ಹುರಿಯುತ್ತಾರೆ, ಮರಕ್ಕೆ ಜೋಕಾಲಿ ಹಾಕುತ್ತಾರೆ. ಮದುವೆಯಾದ ಬಳಿಕ ಅಕ್ಕನಿಗೆ ಅದು ಮೊದಲ ಪಂಚಮಿ. ತಂದೆಗೆ ಹೊಲದ ಕೆಲಸ ಬಿಡುವಂತಿರಲಿಲ್ಲವಾದುದರಿಂದ ಕರೆತರುವ ಭಾರ ಅಜ್ಜನ ಮತ್ತು ಹುಡುಗನ ಮೇಲೆ ಬಿದ್ದಿತು. ಹಬ್ಬಕ್ಕೆ ಮೂರು ದಿನ ಮೊದಲು ಇಬ್ಬರೂ ಹೊರಟರು. ಹುಡುಗನ ಜೇಬಿನಲ್ಲಿ ಗೋಡೆಯ ನಕ್ಷೆಯನ್ನು ನೋಡಿ ತಾನೇ ಬರೆದುಕೊಂಡ ಸಣ್ಣ ನಕ್ಷೆಯಿದ್ದಿತು. ಕಲ್ಲೋಳದ ಬಾಂದಾರವನ್ನು ದಾಟಿದರೆ ಯಡೂರು. ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ ಎಂದು ಅವನು ಲೆಕ್ಕ ಹಾಕಿದ್ದನು.

ಅಂದು ಮಳೆಯಿರಲಿಲ್ಲ. ಎರಡು ದಿನಗಳಿಂದ ಬಿಸಿಲೂ ಬಿದ್ದಿದ್ದಿತು. ಆದರೆ ಕಲ್ಲೋಳದ ದಂಡೆಗೆ ಬಂದು ನೋಡಿದರೆ ಬಾಂದಾರವೇ ಕಾಣಿಸಲಿಲ್ಲ! ಕೆಂಪು ನೀರು ಈ ದಂಡೆಯಿಂದ ಆ ದಂಡೆಯವರೆಗೆ ಸದ್ದಿಲ್ಲದೆ ಹರಿಯುತ್ತಿದ್ದಿತು. ರಸ್ತೆ ನೇರವಾಗಿ ನೀರಿನೊಳಕ್ಕೆ ಇಳಿದು ಹೋಗಿದ್ದಿತು. ದಾರಿಗೆ ಅಡ್ಡಲಾಗಿ ಮುಳ್ಳಿನ ಕಂಟಿಗಳನ್ನು ಎಳೆದು ಹಾಕಿದ್ದರು. ಆಚೆಯ ದಂಡೆಯ ಮರಗಳ ನಡುವೆ ಯಡೂರಿನ ಮನೆಗಳು ಕೈಗೆಟಕುವಂತೆ ಕಾಣುತ್ತಿದ್ದುವು.

ಹುಡುಗನು ಜೇಬಿನ ಹಾಳೆಯನ್ನು ತೆಗೆದು ನೋಡಿದನು. ಹಾಳೆಯಲ್ಲಿ ದಾರಿಯಿದ್ದಿತು.

ಅಷ್ಟರಲ್ಲಿ ಸೈಕಲ್ಲು ಹಿಡಿದ ಒಬ್ಬ ತರುಣನು ಕಂಟಿಗಳನ್ನು ಸರಿಸಿ ನೀರಿಗಿಳಿದನು. ಅವನೂ ಯಾರನ್ನೋ ಪಂಚಮಿಗೆ ಕರೆತರಲು ಹೊರಟವನೇ. “ಮೊಣಕಾಲ ಮಟ ಐತಿ, ಅಷ್ಟ!” ಎಂದು ಕೂಗಿ ಹೇಳಿದನು. ಹತ್ತು ಹೆಜ್ಜೆ ಹೋಗುವವರೆಗೆ ಅವನ ಮಾತು ನಿಜವಾಗಿದ್ದಿತು. ಅವನ ಹಿಂದೆಯೇ ಹೋಗಲು ಹುಡುಗನ ಕಾಲು ತವಕಿಸಿತು. ಅಜ್ಜನ ಕೈ ಅವನ ರಟ್ಟೆಯನ್ನು ಬಿಗಿಯಾಗಿ ಹಿಡಿಯಿತು. ಇಪ್ಪತ್ತು ಹೆಜ್ಜೆಗೆ ನೀರು ತೊಡೆಗೆ ಬಂದಿತು. ಮುಂದಿನ ಕ್ಷಣದಲ್ಲಿ ಪ್ರವಾಹವು ಸೈಕಲ್ಲನ್ನು ಅಡ್ಡಲಾಗಿ ತಿರುಗಿಸಿ ಕೈಯಿಂದ ಕಿತ್ತುಕೊಂಡಿತು. ತರುಣನು ಮುಗ್ಗರಿಸಿ ನೀರಿನಲ್ಲಿ ಮುಳುಗಿದ ಯಾವುದೋ ಕಂಬವನ್ನು ತಬ್ಬಿಕೊಂಡು ನಿಂತನು. ದಂಡೆಯಲ್ಲಿದ್ದವರು ಹಗ್ಗವೆಸೆದರು. ಮೊದಲ ಸಲ ಹಗ್ಗ ತಲುಪಲಿಲ್ಲ. ಎರಡನೆಯ ಸಲವೂ ತಲುಪಲಿಲ್ಲ. ಮೂರನೆಯ ಸಲ ಅವನ ಕೈಗೆ ಸಿಕ್ಕಿತು. ನಾಲ್ಕು ಜನ ಸೇರಿ ಅವನನ್ನು ಎಳೆದುಕೊಂಡರು. ದಂಡೆಯ ಮೇಲೆ ಕುಳಿತು ಅವನು ಬಹುಹೊತ್ತು ನಡುಗುತ್ತಿದ್ದನು. ಸೈಕಲ್ಲು ಮತ್ತೆ ಕಾಣಿಸಲಿಲ್ಲ.

ಹುಡುಗನ ಕೈಯಲ್ಲಿ ಹಾಳೆ ಇನ್ನೂ ಹಾಗೆಯೇ ಇದ್ದಿತು. “ಅಜ್ಜಾ, ನಕಾಶಿದಾಗ ದಾರಿ ಐತಲ್ಲ?” ಎಂದನು, ಅಳುದನಿಯಲ್ಲಿ.

ಅಜ್ಜನು ಅದನ್ನು ತೆಗೆದುಕೊಂಡು ಕಣ್ಣಿಗೆ ದೂರ ಹಿಡಿದು ನೋಡಿದನು. “ನಿನ್ನ ನಕಾಶಿ ಸುಳ್ಳಲ್ಲಪ್ಪಾ. ಆದ್ರ ಅದನ್ನ ಬರದಾವ ಬ್ಯಾಸಗ್ಯಾಗ ಬಂದಿದ್ದ. ಇವತ್ತ ಹೊಳಿ ಎಲ್ಲಿ ಐತಿ ಅನ್ನೂದ ಅವಗ ಹೆಂಗ ಗೊತ್ತಾಗಬೇಕು?” ಎಂದು ಅದನ್ನು ಮಡಿಸಿ ಮೊಮ್ಮಗನ ಜೇಬಿನಲ್ಲಿಯೇ ಇಟ್ಟನು.

ಅಜ್ಜನು ಶಾಲೆಗೆ ಹೋದವನಲ್ಲ. ಆದರೆ ಆ ಮಾತಿನಲ್ಲಿ ನಕ್ಷೆಶಾಸ್ತ್ರದ ದೊಡ್ಡದೊಂದು ಸತ್ಯವಿದ್ದಿತು. ನೆಲವನ್ನು ಅಳೆಯುವ ಜನ ಅನುಕೂಲವಾದ ಕಾಲವನ್ನು ನೋಡಿ ಬರುತ್ತಾರೆ; ಅವರು ಕಂಡ ದಿನದ ನೆಲ ಹಾಳೆಯ ಮೇಲೆ ನಿಲ್ಲುತ್ತದೆ. ಹೊಳೆಯಾದರೋ ನಿಲ್ಲುವಂಥದಲ್ಲ.

ದಂಡೆಯಲ್ಲಿದ್ದವರನ್ನು ವಿಚಾರಿಸಿ ಅಜ್ಜನು ದಾರಿಯನ್ನು ಗೊತ್ತುಮಾಡಿದನು. ಹಿಂದಕ್ಕೆ ಸರಿದು ಅಂಕಲಿಗೆ ಹೋಗಿ, ಅಲ್ಲಿಯ ಎತ್ತರದ ಸೇತುವೆಯಿಂದ ಮಾಂಜರಿಗೆ ದಾಟಿ, ಆ ದಂಡೆಯ ಮೇಲೆಯೇ ಯಡೂರಿಗೆ ಬರುವುದು. ದಾರವಿಟ್ಟು ನೋಡಿದರೆ ನೇರ ದಾರಿಗಿಂತ ಎಷ್ಟೋ ಪಾಲು ಉದ್ದ. ಬಸ್ಸು ಹತ್ತುವ ಮೊದಲು ಅಜ್ಜನು ನಿರ್ವಾಹಕನನ್ನು ಕೇಳಿದ್ದು ಹೋಗುವ ಮಾತನ್ನಲ್ಲ: “ನಾಳೆ ತಿರುಗಿ ಬರಾಕ ದಾರಿ ಇರ್ತೈತೇನ್ರಿ?” ಹುಡುಗನಿಗೆ ಹಿಮಪರ್ವತದ ನಕ್ಷೆಯು ಥಟ್ಟನೆ ನೆನಪಾಯಿತು. ಕೊನೆಯನ್ನು ಮೊದಲು ನೋಡಬೇಕು, ಮರಳುವ ವೇಳೆಯನ್ನು ತಿಳಿದಿರಬೇಕು, ಇಂದಿನ ಸುದ್ದಿಯನ್ನು ಕೇಳಬೇಕು. ಅಫರವತ್ ಬೆಟ್ಟವನ್ನು ಕಾಣದ ಅಜ್ಜನು ಅದೆಲ್ಲವನ್ನೂ ಬಲ್ಲವನಾಗಿದ್ದನು.

ಅವರು ಯಡೂರನ್ನು ಸೇರಿದಾಗ ದೀಪ ಹಚ್ಚುವ ಹೊತ್ತು. ಅಕ್ಕನು ಮನೆಯ ಕಟ್ಟೆಯ ಮೇಲೆ ಹೊಳೆಯ ಕಡೆಗೆ ಮುಖಮಾಡಿ ನಿಂತಿದ್ದಳು. ಅವರು ಬೆನ್ನಹಿಂದಿನ ಬೀದಿಯಿಂದ ಬಂದರು. ತಮ್ಮನ ದನಿ ಕೇಳಿ ತಿರುಗಿದವಳು ಮೊದಲು ಅವನ ಬಟ್ಟೆಯನ್ನು ಮುಟ್ಟಿ ನೋಡಿದಳು. ಒಣಗಿದ್ದಿತು. “ಮುಂಜಾನಿಂದ ಹೊಳಿ ನೋಡಕೋತ ನಿಂತೇನಿ, ಅಜ್ಜಾ. ನೀವು ಈ ಕಡಿಂದ ಬರಬಾರದು ಅಂತ ದೇವರಿಗೆ ಬೇಡಕೊಂಡೆ” ಎಂದಳು. ಆಮೇಲೆ ಕಣ್ಣೊರಸಿಕೊಂಡು ನೀರು ಕೊಡಲು ಒಳಗೆ ಹೋದಳು.

ಮರುದಿನ ಮೂವರೂ ಮಾಂಜರಿಯ ದಾರಿಯಿಂದಲೇ ಊರಿಗೆ ಮರಳಿದರು. ಹಬ್ಬ ಮುಗಿದ ಮೇಲೆ ಹುಡುಗನು ಶಾಲೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಇದು: ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಹೇಗೆ ಬಂದಿತು?

ಮಾಸ್ತರರು ಗೋಡೆಯ ನಕ್ಷೆಯ ಪಕ್ಕದಲ್ಲಿ ಇನ್ನೊಂದು ದೊಡ್ಡ ನಕ್ಷೆಯನ್ನು ತೂಗುಹಾಕಿದರು. ಅದರಲ್ಲಿ ಐದು ತಾಲ್ಲೂಕುಗಳು ಒಂದು ಅಂಗೈಯಷ್ಟು ಮಾತ್ರ. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಥಣಿಯಲ್ಲಿ ಬೀಳುವುದು ಸುಮಾರು ಅದರ ಹತ್ತರಲ್ಲೊಂದು ಪಾಲು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಬಂದು ಕೃಷ್ಣೆಯನ್ನು ಸೇರುತ್ತವೆ. ಸಹ್ಯಾದ್ರಿಯಿಂದಲೇ ಬರುವ ವೇದಗಂಗಾ ನದಿಯು ದೂಧಗಂಗೆಯನ್ನು ಕೂಡಿಕೊಂಡು, ಆ ದೂಧಗಂಗೆಯು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಯ ಬೆಟ್ಟಗಳಲ್ಲಿ ಬಿದ್ದ ಮಳೆ ಇಲ್ಲಿಗೆ ಬಂದು ತಲುಪುವ ವೇಳೆಗೆ ಇಲ್ಲಿ ಬಿಸಿಲು ಕಾಯುತ್ತಿರಬಹುದು. ಸಣ್ಣ ನಕ್ಷೆಯು ದಾರಿಯನ್ನು ತೋರಿಸುತ್ತದೆ. ದಾರಿಗೆ ಬರುವ ಅಪಾಯದ ಮೂಲ ಅದರ ಅಂಚಿನ ಆಚೆಗಿದ್ದೀತು.

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ಒಂದು ಸುದ್ದಿಯ ಅರ್ಥವನ್ನೂ ಅವರು ಬಿಡಿಸಿ ಹೇಳಿದರು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ, ರಾಜಾಪುರ ಬಾಂದಾರದಿಂದ ಇಷ್ಟು ಕ್ಯೂಸೆಕ್ ನೀರು ಹರಿದು ಬರುತ್ತಿದೆ ಎಂದು ಪ್ರಕಟವಾಗುವುದುಂಟು. 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ 1 ಘನ ಅಡಿ, ಸುಮಾರು 28 ಲೀಟರು ನೀರು. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು! ಅಂಥ ಸುದ್ದಿಯ ಜೊತೆಯಲ್ಲಿಯೇ ಮುಳುಗಿದ ಸೇತುವೆಗಳ ಹೆಸರುಗಳೂ ಬರುತ್ತವೆ. ಕೃಷ್ಣೆಯ ಮೇಲೆ ಕಲ್ಲೋಳ–ಯಡೂರು. ದೂಧಗಂಗೆಯ ಮೇಲೆ ಕಾರದಗಾ–ಭೋಜ ಮತ್ತು ಮಲಿಕವಾಡ–ದತ್ತವಾಡ. ವೇದಗಂಗೆಯ ಮೇಲೆ ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ, ಭೋಜವಾಡಿ–ಕುನ್ನೂರು. ನೀರು ಇನ್ನೂ ಏರಿದರೆ ರಾಯಬಾಗ ಮತ್ತು ಕಾಗವಾಡ ತಾಲ್ಲೂಕುಗಳ ನಡುವಿನ ಕುಡಚಿ–ಉಗಾರ ಸೇತುವೆಯೂ ಮುಳುಗುತ್ತದೆ. ಹಿಮದ ಬೆಟ್ಟದಲ್ಲಿ ಮುಚ್ಚಿದ ಹಾದಿಗಳನ್ನು ಬೆಳಿಗ್ಗೆ ಪ್ರಕಟಿಸುವಂತೆಯೇ ಇದು. ಓದುವವರು ಬೇಕು, ಅಷ್ಟೆ.

ಆ ವಾರವೆಲ್ಲ ಹುಡುಗನು ಒಂದು ರಟ್ಟಿನ ಮೇಲೆ ಹೊಸ ನಕ್ಷೆಯನ್ನು ಬರೆಯುತ್ತ ಕುಳಿತನು. ಮೂರು ನದಿಗಳನ್ನೂ ಊರುಗಳನ್ನೂ ಗೋಡೆಯ ನಕ್ಷೆಯಿಂದ ಇಳಿಸಿಕೊಂಡನು. ಪ್ರತಿಯೊಂದು ಸೇತುವೆಯ ಮೇಲೂ ಹಿಮಪರ್ವತದ ಗುರುತುಗಳನ್ನು ಹಾಕಿದನು. ಮೊದಲು ಮುಳುಗುವುದಕ್ಕೆ ಕಪ್ಪು ವಜ್ರ, ಹೆಚ್ಚು ನೀರು ಬಂದರೆ ಮುಳುಗುವುದಕ್ಕೆ ನೀಲಿ ಚೌಕ, ಎತ್ತರದ ಸೇತುವೆಗೆ ಹಸಿರು ವೃತ್ತ. ಯಾವುದಕ್ಕೆ ಯಾವ ಗುರುತು ಎಂಬುದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ಹೇಳಿದವನು ಅಜ್ಜ. ಅವನಿಗೆ ತಿಳಿಯದ ಕಡೆಗಳ ಸಂಗತಿಯನ್ನು ಸಂತೆಗೆ ಬಂದ ಬೇರೆ ಊರಿನವರನ್ನು ಕೇಳಿ ತಿಳಿದುಕೊಂಡರು.

ನಿಪ್ಪಾಣಿಯ ಬಳಿ ರಾಷ್ಟ್ರೀಯ ಹೆದ್ದಾರಿಯು ವೇದಗಂಗೆಯನ್ನು ದಾಟುವ ಯಮಗರ್ಣಿಗೆ ಹುಡುಗನು ಹಸಿರು ವೃತ್ತವನ್ನು ಬರೆದನು. ಅಜ್ಜನು ತಲೆಯಲ್ಲಾಡಿಸಿದನು. 2019ರ ಆಗಸ್ಟ್ ತಿಂಗಳಲ್ಲಿ ಮಹಾಪೂರ ಬಂದಾಗ ಆ ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ಕಡಿದುಹೋಗಿದ್ದಿತು. 2021ರ ಜುಲೈಯಲ್ಲಿಯೂ ಹಾಗೆಯೇ ಆಯಿತು. “ಹಾಗಾದರೆ ಅದಕ್ಕೆ ಯಾವ ಗುರುತು ಹಾಕಲಿ?” ಎಂದು ಹುಡುಗನು ಮಾಸ್ತರರನ್ನು ಕೇಳಿದನು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಸಿರೇ ಇರಲಿ. ಆದರೆ ಹಸಿರೆಂದರೆ ಎಂದೂ ಮುಳುಗದು ಎಂದಲ್ಲ, ಕೊನೆಗೆ ಮುಳುಗುತ್ತದೆ ಎಂದು ಕೆಳಗೆ ಬರೆ. ಅದು ಮುಳುಗಿದ ದಿನ ಮನೆಯಲ್ಲಿಯೇ ಇರುವುದು ಒಳ್ಳೆಯ ದಾರಿ” ಎಂದರು.

ಹುಡುಗನು ಹಾಗೆಯೇ ಬರೆದನು. ಮೂಲೆಯಲ್ಲಿ ಆ ವರ್ಷವನ್ನೂ ತಿಂಗಳನ್ನೂ ಕಾಣಿಸಿದನು, ನಕ್ಷೆಗೆ ವಯಸ್ಸುಂಟಲ್ಲವೆ? ಕೆಳಗೆ ಗುರುತುಗಳ ಅರ್ಥವನ್ನು ಬರೆದು, ಅದರಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಸಾಲು ಸೇರಿಸಿದನು: ‘ಹೊಳೆಯ ದಂಡೆಯವರನ್ನು ಕೇಳಿ ಹೊರಡುವುದು.’

ಈ ರಟ್ಟು ಈಗ ಗೋಡೆಯ ದೊಡ್ಡ ನಕ್ಷೆಯ ಪಕ್ಕದಲ್ಲಿ ತೂಗುತ್ತಿದೆ. ಒಂದರಲ್ಲಿ ನೆಲವನ್ನು ಅಳೆದವರ ವಿದ್ಯೆಯಿದೆ. ಇನ್ನೊಂದರಲ್ಲಿ ಆ ನೆಲದಲ್ಲಿ ಬಾಳಿದವರ ಅನುಭವವಿದೆ. ಮಳೆಗಾಲದಲ್ಲಿ ಹುಡುಗರು ಬೆಳಿಗ್ಗೆ ಪತ್ರಿಕೆಯನ್ನು ಓದಿ, ಮುಳುಗಿದ ಸೇತುವೆಗಳ ಮೇಲೆ ಸುಣ್ಣದ ಕಡ್ಡಿಯಿಂದ ಅಡ್ಡಗೆರೆ ಎಳೆಯುತ್ತಾರೆ. ನೀರು ಇಳಿದ ದಿನ ಒರಸಿ ಹಾಕುತ್ತಾರೆ. ಪಂಚಮಿ ಹತ್ತಿರ ಬಂದರೆ ಊರಿನ ದೊಡ್ಡವರೂ ಶಾಲೆಯ ಬಾಗಿಲಿಗೆ ಬಂದು ಒಳಗೆ ಇಣುಕಿ, ಯಾವ ಗೆರೆ ಬಿದ್ದಿದೆ ಎಂದು ನೋಡಿಕೊಂಡು ಹೋಗುತ್ತಾರೆ. ಅಕ್ಕತಂಗಿಯರನ್ನು ಕರೆತರಲು ಹೊರಟವರು ತಡವಾಗಿ ತಲುಪಿದರೂ ಚಿಂತೆಯಿಲ್ಲ. ಒಣ ಬಟ್ಟೆಯಲ್ಲಿ ತಲುಪಬೇಕು.